ಬೇಸಿಗೆಯಲ್ಲಿ ಬಳಲುವ ಇಂಜಿನು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಊರುಗಳಾದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮೇ ತಿಂಗಳ ಮಧ್ಯಾಹ್ನವೆಂದರೆ ಏನೆಂಬುದನ್ನು ಇಲ್ಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು, ಕೆಲವು ದಿನ ಅದನ್ನೂ ಮೀರುವುದು. ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದಿರುತ್ತವೆ. ದನಕರುಗಳು ಬೇವಿನ ನೆರಳನ್ನು ಬಿಟ್ಟು ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಕಾರು ನಡೆಸುವವರ ಬಾಯಲ್ಲಿ ಒಂದು ಮಾತನ್ನು ಮೇಲಿಂದ ಮೇಲೆ ಕೇಳುತ್ತೇವೆ: "ಗಾಡಿ ಎಳೆಯುತ್ತಿಲ್ಲ." ಬೆಳಗಿನ ತಂಪಿನಲ್ಲಿ ಲೀಲಾಜಾಲವಾಗಿ ಏರಿದ ದಿಬ್ಬವನ್ನೇ ಮಧ್ಯಾಹ್ನ ಏರುವಾಗ ಅದು ಏದುಸಿರು ಬಿಡುತ್ತದೆ.

ಇದು ಬರಿಯ ಭ್ರಮೆಯೇ? ಅಲ್ಲ. ಹಾಗಾದರೆ ಇದು ಬಿಸಿಲಿನ ಸಹಜ ಪರಿಣಾಮವೇ, ಅಥವಾ ಯಂತ್ರದಲ್ಲಿ ಅಡಗಿರುವ ದೋಷವೇ? ಈ ಎರಡನ್ನು ಬೇರ್ಪಡಿಸಿ ನೋಡುವ ಬಗೆಯೇ ಈ ಲೇಖನದ ವಿಷಯ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದಿದ ಒಬ್ಬ ತರುಣನು ಈಗ ಬಾಡಿಗೆ ಕಾರು ನಡೆಸುತ್ತಾನೆ. ಮನೆ ಬನಹಟ್ಟಿಯ ಮಗ್ಗಗಳ ಓಣಿಯಲ್ಲಿ, ಕಾರು ಸಾಲದ್ದು, ತಿಂಗಳ ಕಂತು ತಪ್ಪುವಂತಿಲ್ಲ. ಒಂದು ಬೇಸಿಗೆಯಲ್ಲಿ ಅವನ ಕಾರು ಮಧ್ಯಾಹ್ನದ ಹೊತ್ತು ಸೊರಗತೊಡಗಿತು. ದುರಸ್ತಿಯವರೊಬ್ಬರು ಗಾಳಿಯ ಸೋಸಕವನ್ನು ಬದಲಿಸಿದರು, ಕಿಡಿಬೆಣೆಗಳನ್ನು ಬದಲಿಸಿದರು, ಕಡೆಗೆ ಪೆಟ್ರೋಲು ಪಂಪನ್ನೂ ಬದಲಿಸಿದರು. ಹಣ ಹೋಯಿತು, ಕಾಯಿಲೆ ಉಳಿಯಿತು. ಅವನು ನನ್ನ ಬಳಿ ಬಂದಾಗ ನಾನು ಹೆಚ್ಚು ವಿಚಾರಿಸದೆ, "ಬಿಸಿಗಾಳಿ ತೆಳುವಾಗಿರುತ್ತದೆ. ಇಂಜಿನಿಗೆ ಉಸಿರು ಸಾಲದು. ಮಳೆಗಾಲದವರೆಗೆ ತಾಳಿಕೋ" ಎಂದುಬಿಟ್ಟೆ. ನಾನು ಹೇಳಿದ ನಿಯಮ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಅಂಕೆಯನ್ನು ಜೋಡಿಸಿ ನೋಡಿರಲಿಲ್ಲ. ಅದರ ಫಲವೇನಾಯಿತೆಂಬುದನ್ನು ಮುಂದೆ ಹೇಳುವೆನು.

ಇಂಜಿನಿನ ಉಸಿರು

ಮೋಟಾರು ಓಡುವುದು ಪೆಟ್ರೋಲಿನಿಂದ ಎಂದು ನಾವು ಹೇಳುವುದು ಅರ್ಧ ಸತ್ಯ. ಸೌದೆ ಎಷ್ಟಿದ್ದರೂ ಗಾಳಿಯಾಡದ ಒಲೆ ಉರಿಯದಷ್ಟೆ. ಶುದ್ಧ ಪೆಟ್ರೋಲಿನ ಒಂದು ಕಿಲೋಗ್ರಾಂ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಇದನ್ನೇ ಗಾತ್ರದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲು ಸುಮಾರು 10,000 ಲೀಟರು ಗಾಳಿಯನ್ನು ನುಂಗುತ್ತದೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ಎಂಬಾತನು ನಾಲ್ಕು ಹೊಡೆತಗಳ ಇಂಜಿನನ್ನು ರಚಿಸಿದಂದಿನಿಂದ ಇಂದಿನವರೆಗೆ ಈ ಕ್ರಮ ಬದಲಾಗಿಲ್ಲ: ಹೀರುವುದು, ಅದುಮುವುದು, ಉರಿಸುವುದು, ಹೊರದಬ್ಬುವುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಿಲಿಂಡರು ಗಾಳಿಯನ್ನು ಅಳೆಯುವುದು ಗಾತ್ರದಿಂದ, ತೂಕದಿಂದಲ್ಲ. ಸೇರಿನಿಂದ ಅಳೆದು ಕೊಡುವ ವ್ಯಾಪಾರಿಯಂತೆ ಅದು ಪ್ರತಿ ಬಾರಿಯೂ ಒಂದೇ ಅಳತೆಯನ್ನು ತುಂಬಿಕೊಳ್ಳುತ್ತದೆ. ಆದರೆ ಉರಿಯುವಿಕೆಗೆ ಬೇಕಾದದ್ದು ಆ ಅಳತೆಯೊಳಗಿನ ಆಮ್ಲಜನಕದ ತೂಕ. 1802ರಲ್ಲಿ ಫ್ರಾನ್ಸಿನ ಗೇ-ಲ್ಯೂಸಾಕನು ಪ್ರಕಟಿಸಿದ ನಿಯಮವು ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತ: ಒತ್ತಡ ಬದಲಾಗದಿರುವಾಗ ಅನಿಲದ ಗಾತ್ರವು ಅದರ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಹೆಚ್ಚುತ್ತದೆ. ಗಾತ್ರ ಹೆಚ್ಚಿದರೆ ಸಾಂದ್ರತೆ ತಗ್ಗುತ್ತದೆ.

ಲೆಕ್ಕ ಮಾಡಿ ನೋಡೋಣ. ಚಳಿಗಾಲದ ಮುಂಜಾವಿನ ಉಷ್ಣತೆ 17 ಡಿಗ್ರಿ ಎನ್ನೋಣ. ನಿರಪೇಕ್ಷ ಮಾನದಲ್ಲಿ ಇದು 290. ಮೇ ತಿಂಗಳ ಮಧ್ಯಾಹ್ನದ 40 ಡಿಗ್ರಿಯು 313 ಆಗುತ್ತದೆ. 290ನ್ನು 313ರಿಂದ ಭಾಗಿಸಿದರೆ ದೊರೆಯುವುದು 0.93. ಅಂದರೆ ಮೇ ತಿಂಗಳ ಗಾಳಿಯಲ್ಲಿ ತೂಕವು ಶೇಕಡಾ 7ರಷ್ಟು ಕಡಿಮೆ. ನಿಜವಾದ ನಷ್ಟ ಇದಕ್ಕಿಂತಲೂ ಕಡಿಮೆಯೇ. ಏಕೆಂದರೆ ತಂಪುಗಾಳಿಯು ಇಂಜಿನಿನ ಬಿಸಿ ಗೋಡೆಗಳಿಂದ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ. ಬಿಸಿಗಾಳಿ ಅಷ್ಟು ಹೀರಿಕೊಳ್ಳುವುದಿಲ್ಲ. ಆದಕಾರಣ ಸಿಲಿಂಡರನ್ನು ತಲುಪುವ ಹೊತ್ತಿಗೆ ಅವೆರಡರ ಅಂತರ ಕಿರಿದಾಗುತ್ತದೆ. ಇಂಜಿನುಗಳನ್ನು ಪರೀಕ್ಷಿಸುವ ಎಂಜಿನಿಯರರು ಇದನ್ನರಿತು ನಿರಪೇಕ್ಷ ಉಷ್ಣತೆಯ ವರ್ಗಮೂಲವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಪ್ರಕಾರ ನಷ್ಟವು ಶೇಕಡಾ 4ರ ಆಸುಪಾಸು. 80 ಅಶ್ವಶಕ್ತಿಯ ಕಾರಿಗೆ ಇದು ಮೂರರಿಂದ ಆರು ಅಶ್ವಶಕ್ತಿಯ ಕೊರತೆ.

ಇನ್ನು ಎತ್ತರದ ಮಾತು. ನಮ್ಮ ಊರುಗಳು ಸಮುದ್ರಮಟ್ಟಕ್ಕಿಂತ ಸುಮಾರು 550 ಮೀಟರು ಮೇಲಿವೆ. ಇಲ್ಲಿಯ ವಾಯುಭಾರವು ಕಡಲ ದಂಡೆಯದಕ್ಕಿಂತ ಶೇಕಡಾ 6ರಷ್ಟು ಕಡಿಮೆ. ಕಾರವಾರದಿಂದ ಬಂದ ಕಾರಿಗೆ ಇದೂ ಒಂದು ನಷ್ಟವೇ. ಆದರೆ ಈ ನಷ್ಟವು ಡಿಸೆಂಬರಿನಲ್ಲಿಯೂ ಇರುತ್ತದೆ, ಮೇ ತಿಂಗಳಲ್ಲಿಯೂ ಇರುತ್ತದೆ. ಆದ್ದರಿಂದ ಬೇಸಿಗೆಯ ದೂರಿಗೆ ಇದನ್ನು ಹೊಣೆ ಮಾಡಲಾಗದು. ಪೆಟ್ರೋಲಿನೊಡನೆ ಬೆರೆತ ಎಥನಾಲನ್ನು ದೂರುವವರೂ ಉಂಟು. 2025ರಲ್ಲಿ ನಮ್ಮ ದೇಶವು ಶೇಕಡಾ 20ರ ಮಿಶ್ರಣವನ್ನು ಸಾಧಿಸಿತು. ಮುಧೋಳದ ಕಡೆಯ ಕಬ್ಬಿನಿಂದಲೂ ಈ ಎಥನಾಲು ತಯಾರಾಗುತ್ತದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲೆರಡು ಪಾಲಿನಷ್ಟು ಶಕ್ತಿ ಮಾತ್ರ ಇರುವುದರಿಂದ ಕಾರು ಲೀಟರಿಗೆ ಓಡುವ ದೂರ ಸ್ವಲ್ಪ ತಗ್ಗುವುದು ನಿಜ. ಆದರೆ ಅದೂ ಕೂಡ ವರ್ಷದುದ್ದಕ್ಕೂ ಇರುವ ಸಂಗತಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಬಳಲುವ ಇಂಜಿನಿಗೆ ಅದು ಕಾರಣವಾಗಲಾರದು. ಕಾಲದೊಡನೆ ಬದಲಾಗುವ ಪರಿಣಾಮಕ್ಕೆ ಕಾಲದೊಡನೆ ಬದಲಾಗುವ ಕಾರಣವನ್ನೇ ಹುಡುಕಬೇಕು.

ಹಿಂದೆ ಸರಿಯುವ ಕಿಡಿ

ಶೇಕಡಾ 4 ಅಥವಾ 7ರ ನಷ್ಟವನ್ನು ನಡೆಸುವವನು ಕಷ್ಟದಿಂದ ಗುರುತಿಸಿಯಾನು. "ಎಳೆಯುತ್ತಿಲ್ಲ" ಎಂದು ಅವನು ಗೋಗರೆಯಬೇಕಾದರೆ ನಷ್ಟ ಇನ್ನೂ ದೊಡ್ಡದಾಗಿರಬೇಕು. ಆ ಹೆಚ್ಚಿನ ಪಾಲು ಎಲ್ಲಿಂದ ಬಂತು?

ಮೊದಲನೆಯದು, ಇಂಜಿನು ಉಸಿರಾಡುವುದು ಹೊರಗಿನ ಗಾಳಿಯನ್ನೋ ಅಥವಾ ಮುಚ್ಚಳದಡಿಯ ಗಾಳಿಯನ್ನೋ ಎಂಬ ಪ್ರಶ್ನೆ. ಕಾರಿನ ಮುಂಬದಿಯಿಂದ ತಂಪುಗಾಳಿಯನ್ನು ತರುವ ಕೊಳವೆಯೊಂದಿರುತ್ತದೆ. ಅದು ಬಿರಿದರೆ ಅಥವಾ ಕಳಚಿಕೊಂಡರೆ ಇಂಜಿನು ತನ್ನದೇ ಸುತ್ತಲಿನ ಬಿಸಿಗಾಳಿಯನ್ನು ಹೀರತೊಡಗುತ್ತದೆ. ಆ ಗಾಳಿ 65 ಡಿಗ್ರಿಯಿದ್ದರೆ ಮೇಲಿನ ಲೆಕ್ಕದಲ್ಲಿ ನಷ್ಟವು ಶೇಕಡಾ 7ರಿಂದ 14ಕ್ಕೆ, ಎಂದರೆ ಇಮ್ಮಡಿಗೆ ಏರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಸಿಲಿಂಡರಿನಲ್ಲಿಯೂ ಹಾಗೆಯೇ, ಮಿಶ್ರಣವನ್ನು ಹತ್ತರಲ್ಲೊಂದು ಗಾತ್ರಕ್ಕೆ ಅದುಮಿದಾಗ ಅದರ ನಿರಪೇಕ್ಷ ಉಷ್ಣತೆಯು ಸುಮಾರು ಎರಡೂಕಾಲು ಪಟ್ಟಾಗುತ್ತದೆ. ಹೀಗಾಗಿ ಆರಂಭದಲ್ಲಿ 25 ಡಿಗ್ರಿ ಹೆಚ್ಚಿದ್ದ ಗಾಳಿಯು ಅದುಮುವಿಕೆಯ ಕೊನೆಗೆ 55 ಡಿಗ್ರಿಗಿಂತಲೂ ಹೆಚ್ಚು ಬಿಸಿಯಾಗಿರುತ್ತದೆ. ಅಷ್ಟು ಬಿಸಿಯಲ್ಲಿ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣವು ತಾನಾಗಿಯೇ ಸಿಡಿಯಬಹುದು. ಲೋಹವನ್ನು ಸುತ್ತಿಗೆಯಿಂದ ಕುಟ್ಟಿದಂತೆ ಸದ್ದಾಗುವುದರಿಂದ ಇದನ್ನು ಕುಟ್ಟು ಎನ್ನುತ್ತಾರೆ. ಹೀಗೆಯೇ ಕುಟ್ಟುತ್ತಿದ್ದರೆ ಪಿಸ್ಟನ್ನಿಗೆ ಅಪಾಯ.

ಇಂದಿನ ಕಾರುಗಳಲ್ಲಿ ಈ ಕುಟ್ಟನ್ನು ಆಲಿಸುವ ಕಿವಿಯೊಂದಿದೆ. 1880ರಲ್ಲಿ ಕ್ಯೂರಿ ಸಹೋದರರು, ಅದುಮಿದಾಗ ಕೆಲವು ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ಅದೇ ತತ್ತ್ವದ ಒಂದು ಸಣ್ಣ ಸಾಧನವನ್ನು ಇಂಜಿನಿನ ಮೈಗೆ ಬಿಗಿದಿರುತ್ತಾರೆ. ಕುಟ್ಟಿನ ಕಂಪನ ತಗುಲಿದೊಡನೆ ಅದು ಸೂಚನೆ ನೀಡುತ್ತದೆ. ನಿಯಂತ್ರಕ ಗಣಕವು ಕಿಡಿ ಹಾರುವ ಕ್ಷಣವನ್ನು ತುಸು ತಡಮಾಡುತ್ತದೆ. ಇಂಜಿನು ಉಳಿಯುತ್ತದೆ, ಆದರೆ ಅದರ ಸೆಳೆತ ತಗ್ಗುತ್ತದೆ. ನಡೆಸುವವನಿಗೆ ಸದ್ದು ಕೇಳಿಸುವುದಿಲ್ಲ, ದೀಪ ಹೊತ್ತುವುದಿಲ್ಲ. ಕಾರು ಸೋತಂತೆ ಭಾಸವಾಗುವುದಷ್ಟೆ. ಹಳೆಯ ಕಾರುಗಳು ನೋವನ್ನು ಕೂಗಿ ಹೇಳುತ್ತಿದ್ದವು. ಹೊಸವು ಮೌನವಾಗಿ ಸಹಿಸುತ್ತವೆ.

ಮೂರನೆಯದು ತಂಪುಯಂತ್ರದ ಹೊರೆ. ಸುಡುಬಿಸಿಲಿನಲ್ಲಿ ಕಾರಿನೊಳಗನ್ನು ತಂಪಾಗಿಸುವ ಸಂಪೀಡಕವು ಮೂರರಿಂದ ಐದು ಅಶ್ವಶಕ್ತಿಯನ್ನು ಕಸಿದುಕೊಳ್ಳಬಲ್ಲದು. ಇಂಜಿನಿನ 80 ಅಶ್ವಶಕ್ತಿಯು ಅದರ ಪರಮಾವಧಿ ವೇಗದ ಮಾತು; ನಿಧಾನವಾಗಿ ದಿಬ್ಬ ಏರುವಾಗ ಅದರ ಕಾಲುಭಾಗ ದೊರೆತರೆ ಹೆಚ್ಚು. ಆ ಇಪ್ಪತ್ತರಲ್ಲಿ ನಾಲ್ಕು ಹೋದರೆ ಐದರಲ್ಲೊಂದು ಪಾಲು ಹೋದಂತೆಯೇ ಸರಿ.

ರೇಡಿಯೇಟರಿನ ಸಂಕಟ

ಇವೆಲ್ಲಕ್ಕಿಂತ ಮುಖ್ಯವಾದದ್ದು ತಂಪುಗೊಳಿಸುವ ವ್ಯವಸ್ಥೆ. ಪೆಟ್ರೋಲಿನಿಂದ ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ, ಇನ್ನೊಂದು ಪಾಲು ಹೊಗೆಯೊಡನೆ ಹೊರಕ್ಕೆ, ಮತ್ತೊಂದು ಪಾಲು ರೇಡಿಯೇಟರಿನ ದ್ರವಕ್ಕೆ ಹೋಗುತ್ತದೆ. ಈ ದ್ರವದಿಂದ ಗಾಳಿಗೆ ಶಾಖ ಹರಿಯುವ ಪ್ರಮಾಣವು ಅವೆರಡರ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ದ್ರವವು 95 ಡಿಗ್ರಿಯಲ್ಲಿದ್ದರೆ ಚಳಿಗಾಲದ ಬೆಳಿಗ್ಗೆ ಈ ಅಂತರ 78 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 55 ಡಿಗ್ರಿ ಮಾತ್ರ. ಗಾಳಿಯ ತೆಳುವಿನಿಂದಾದ ನಷ್ಟ ಶೇಕಡಾ 7. ಇಲ್ಲಿಯ ನಷ್ಟವೋ, ಶೇಕಡಾ 30! ತಂಪುಯಂತ್ರ ನಡೆಯುತ್ತಿದ್ದರೆ ಅದರ ಶಾಖವನ್ನು ಹೊರಹಾಕುವ ಜಾಲರಿಯು ರೇಡಿಯೇಟರಿನ ಮುಂದೆಯೇ ಇರುವುದರಿಂದ, ಬರುವ ಗಾಳಿ ಇನ್ನೂ ಹತ್ತು ಡಿಗ್ರಿ ಕಾದಿರಬಹುದು. ಆಗ ಅಂತರವು 45ಕ್ಕೆ ಇಳಿಯಿತು.

ಕಾರನ್ನು ರಚಿಸಿದವರು ಇದನ್ನರಿಯದವರಲ್ಲ. ಕಡುಬೇಸಿಗೆಗೂ ಸಾಲುವಂತೆ ಅವರು ರೇಡಿಯೇಟರಿನಲ್ಲಿ ಮಿಗುತಾಯ ಇಟ್ಟಿರುತ್ತಾರೆ. ಆದರೆ ಆ ಮಿಗುತಾಯವನ್ನು ನಮ್ಮ ನಾಡಿನ ಧೂಳು, ನೀರುಗಳು ವರ್ಷವಿಡೀ ಸದ್ದಿಲ್ಲದೆ ತಿನ್ನುತ್ತಿರುತ್ತವೆ. ಎರೆಮಣ್ಣಿನ ನುಣುಪಾದ ಧೂಳು, ಕಬ್ಬಿನ ಹಂಗಾಮಿನಲ್ಲಿ ಗಾಳಿಗೆ ಹಾರುವ ಒಣರವದಿಯ ಚೂರು, ಮಗ್ಗಗಳ ಓಣಿಯಲ್ಲಿ ತೇಲುವ ಹತ್ತಿಯ ನವಿರು ಇವೆಲ್ಲ ರೇಡಿಯೇಟರಿನ ತೆಳುಗರಿಗಳ ನಡುವೆ ಸೇರಿ ಜಮಖಾನೆಯಂತೆ ಹೆಣೆದುಕೊಳ್ಳುತ್ತವೆ.

ಒಳಗಿನ ಕಥೆ ಬೇರೆ. ಮುಧೋಳ, ಲೋಕಾಪುರ, ಬಾಗಲಕೋಟೆಗಳ ಕಡೆ ನೆಲದಡಿ ಸುಣ್ಣಕಲ್ಲಿನ ಪದರಗಳು ಹಬ್ಬಿವೆ. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ವರ್ಣಿಸಿದ, ಕಲಾದಗಿಯ ಹೆಸರು ಹೊತ್ತ ಶಿಲಾಸಮೂಹಕ್ಕೆ ಇವು ಸೇರಿದವು. ಇಂಥ ನೆಲದ ಕೊಳವೆಬಾವಿಯ ನೀರು ಗಡಸು. ಅದನ್ನು ರೇಡಿಯೇಟರಿಗೆ ಸುರಿದರೆ ಕಾದಾಗ ಸುಣ್ಣದ ಹಕ್ಕಳೆ ಕಟ್ಟುತ್ತದೆ. ನಮ್ಮ ಮನೆಯ ಹಂಡೆಯೊಳಗೆ ಕಟ್ಟುವುದೂ ಇದೇ. ಈ ಹಕ್ಕಳೆಯ ಉಷ್ಣವಾಹಕತೆ ಅಲ್ಯೂಮಿನಿಯಮಿನ ನೂರರಲ್ಲೊಂದು ಪಾಲಿನಷ್ಟು. ಸಾಲದೆಂಬಂತೆ ಅದು ಕಿರುಕೊಳವೆಗಳ ಬಾಯನ್ನೂ ಕಟ್ಟುತ್ತದೆ.

ಈಗ ಇಡಿಯ ಚಿತ್ರ ಸ್ಪಷ್ಟವಾಗುವುದು. ಕಾಲುಭಾಗ ಕಟ್ಟಿಹೋದ ರೇಡಿಯೇಟರು ಡಿಸೆಂಬರಿನಲ್ಲಿ ಯಾವ ತೊಂದರೆಯನ್ನೂ ತೋರಿಸದು. ಮೇ ತಿಂಗಳಲ್ಲಿ ಅದು ಸೋಲುತ್ತದೆ. ದ್ರವದ ಉಷ್ಣತೆ ಏರುತ್ತದೆ. ಗಣಕವು ಕಿಡಿಯನ್ನು ಹಿಂದೆ ಸರಿಸುತ್ತದೆ, ತಂಪುಯಂತ್ರವನ್ನು ನಿಲ್ಲಿಸುತ್ತದೆ, ಇಂಜಿನಿನ ಬಲವನ್ನು ಮೊಟಕುಮಾಡುತ್ತದೆ. ಬಿಸಿಲು ದೋಷವನ್ನು ಹುಟ್ಟಿಸುವುದಿಲ್ಲ. ಮೊದಲೇ ಅಡಗಿದ್ದ ದೋಷವನ್ನು ಹೊರಗೆಡಹುತ್ತದೆ.

ಪರೀಕ್ಷೆಯ ಕ್ರಮ

ನನ್ನ ಹಳೆಯ ವಿದ್ಯಾರ್ಥಿಗೆ ಈ ಪಾಠ ಕಠಿಣವಾಗಿ ಒದಗಿತು. ನಾನು "ತಾಳಿಕೋ" ಎಂದ ಹತ್ತು ದಿನಗಳಲ್ಲಿ, ಬೀಳಗಿಯ ದಾರಿಯಲ್ಲಿ, ವೃದ್ಧರೊಬ್ಬರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಅವನ ಕಾರು ಕುದಿದು ನಿಂತಿತು. ಬೇರೊಂದು ವಾಹನ ಸಿಗುವವರೆಗೆ ಆ ರೋಗಿಯು ಮುಕ್ಕಾಲು ತಾಸು ಬಿಸಿಲಿನಲ್ಲಿ ಕಾಯಬೇಕಾಯಿತು. ಅವಸರದಲ್ಲಿ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಹೋದ ಇವನ ಮುಂಗೈ ಬೆಂದಿತು. ದೇವರ ದಯೆ, ಇಬ್ಬರೂ ಚೇತರಿಸಿಕೊಂಡರು. ಸುಟ್ಟ ಕೈಯನ್ನು ಕಂಡಾಗ ನನ್ನ ಉತ್ತರದ ಅಪೂರ್ಣತೆ ನನಗೆ ಅರಿವಾಯಿತು. ಆ ವಾರ ನಾವಿಬ್ಬರೂ ಕೂಡಿ ಕಾರನ್ನು ಪ್ರಯೋಗಶಾಲೆಯ ಉಪಕರಣದಂತೆ ಪರೀಕ್ಷಿಸಿದೆವು. ಆ ಕ್ರಮವನ್ನು ಇಲ್ಲಿ ಕೊಡುತ್ತೇನೆ.

ಒಂದು: ಮೊದಲು ಅಳೆಯಬೇಕು. ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಒಂದೇ ದಿಕ್ಕಿನಲ್ಲಿ, ಅಷ್ಟೇ ಭಾರದೊಡನೆ, ತಂಪುಯಂತ್ರವನ್ನು ನಿಲ್ಲಿಸಿ, ಮೂರನೆಯ ಗೇರಿನಲ್ಲಿ 40ರಿಂದ 60 ಕಿಲೋಮೀಟರು ವೇಗಕ್ಕೆ ಏರಲು ಹಿಡಿಯುವ ಕಾಲವನ್ನು ಪಕ್ಕದಲ್ಲಿ ಕುಳಿತವರು ಗಡಿಯಾರದಿಂದ ನೋಡಬೇಕು. ಇದನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮಾಡಬೇಕು. ಬೆಳಿಗ್ಗೆ 8 ಸೆಕೆಂಡು ಹಿಡಿದದ್ದು ಮಧ್ಯಾಹ್ನ 8½ ಆದರೆ ಅದು ಗೇ-ಲ್ಯೂಸಾಕನ ನಿಯಮ; ಚಿಂತೆ ಬೇಡ. ನಮಗೆ ಮಧ್ಯಾಹ್ನ ದೊರೆತದ್ದು 11. ನಿಯಮವು ಅಷ್ಟನ್ನು ಕೇಳುವುದಿಲ್ಲ, ಆದ್ದರಿಂದ ದೋಷವಿದೆ.

ಎರಡು: ತಂಪುಯಂತ್ರವನ್ನು ನಡೆಸಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಅದರಿಂದ ಆ ಹೊರೆಯ ಪಾಲು ಎಷ್ಟೆಂಬುದು ತಿಳಿಯುವುದು.

ಮೂರು: ಉಷ್ಣತೆಗಳನ್ನು ಓದಬೇಕು. ಈಚಿನ ಕಾರುಗಳ ಗಣಕಕ್ಕೆ ಜೋಡಿಸುವ ಅಗ್ಗದ ಓದುಸಾಧನವೊಂದು ದೊರೆಯುತ್ತದೆ. ದ್ರವದ ಉಷ್ಣತೆಯನ್ನೂ ಇಂಜಿನು ಹೀರುವ ಗಾಳಿಯ ಉಷ್ಣತೆಯನ್ನೂ ಅದು ಅಂಕೆಗಳಲ್ಲಿ ತೋರಿಸುತ್ತದೆ. ಮುಂಭಾಗದ ಮುಳ್ಳನ್ನು ನಂಬಿ ಕೂಡಬಾರದು. ಎಷ್ಟೋ ಕಾರುಗಳಲ್ಲಿ ಅದು ಹಲವು ಡಿಗ್ರಿಗಳ ಅಂತರದಲ್ಲಿಯೂ ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಓಡುತ್ತಿರುವ ಕಾರಿನಲ್ಲಿ ಒಳಬರುವ ಗಾಳಿಯು ಹೊರಗಿನದಕ್ಕಿಂತ ಹತ್ತು-ಹದಿನೈದು ಡಿಗ್ರಿ ಹೆಚ್ಚಿರುವುದು ಸಹಜ. ನಮಗೆ ಕಂಡದ್ದು 68 ಡಿಗ್ರಿ. ನೋಡಿದರೆ, ಹಿಂದೆ ಸೋಸಕವನ್ನು ಬದಲಿಸಿದವರು ತಂಪುಗಾಳಿಯ ಕೊಳವೆಯನ್ನು ಮರಳಿ ಕೂಡಿಸಿರಲೇ ಇಲ್ಲ. ದ್ರವವು 108 ಡಿಗ್ರಿ ದಾಟುತ್ತಿತ್ತು.

ನಾಲ್ಕು: ಕಾರಣವನ್ನು ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಯದಕ್ಕೆ ಹುಡುಕುತ್ತ ಹೋಗಬೇಕು. ಗಾಳಿಯ ಸೋಸಕ, ಕೊಳವೆ, ವಿದ್ಯುತ್ ಪಂಖ, ಪಟ್ಟಿ, ರೇಡಿಯೇಟರಿನ ಗರಿಗಳು, ದ್ರವದ ಮಟ್ಟ, ಮುಚ್ಚಳದ ರಬ್ಬರು, ಉಷ್ಣತೆಗೆ ತಕ್ಕಂತೆ ತೆರೆದುಕೊಳ್ಳುವ ಥರ್ಮೋಸ್ಟಾಟು, ನೀರಿನ ಪಂಪು, ಹೀಗೆ. ಪೆಟ್ರೋಲು ಪಂಪಿನ ಸರದಿ ಇವೆಲ್ಲದರ ಬಳಿಕ. ಕಾರ್ಬುರೇಟರಿರುವ ಹಳೆಯ ವಾಹನಗಳಲ್ಲಿ ಮಾತ್ರ ಕೊಳವೆಯೊಳಗಿನ ಪೆಟ್ರೋಲು ಆವಿಯಾಗಿ ಹರಿವು ಕಡಿಯುವ ಸಂಭವ ಹೆಚ್ಚು. ನಮ್ಮ ಪರೀಕ್ಷೆಯಲ್ಲಿ ರೇಡಿಯೇಟರಿಗೂ ಅದರ ಮುಂದಿನ ಜಾಲರಿಗೂ ನಡುವಣ ಕಿರಿದಾದ ಸಂದಿನಿಂದ ಹೊರಬಂದದ್ದು ಬೂದುಬಣ್ಣದ, ಕಂಬಳಿಯಂತಹ ಹತ್ತಿಯ ಪದರ. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ.

ಐದು: ಸರಿಪಡಿಸಿ, ಮತ್ತೆ ಅಳೆಯಬೇಕು. ತಣ್ಣಗಾದ ರೇಡಿಯೇಟರನ್ನು ಇಂಜಿನಿನ ಕಡೆಯಿಂದ ಮುಂದಕ್ಕೆ ಮೆಲುಧಾರೆಯಲ್ಲಿ ತೊಳೆದೆವು. ರಭಸದ ನೀರಿಗೆ ಗರಿಗಳು ಮಡಚಿಹೋಗುತ್ತವೆ. ಒಳಗಿನ ಕೊಳವೆಬಾವಿ ನೀರನ್ನು ಬಸಿದು, ಎಥಿಲೀನ್ ಗ್ಲೈಕಾಲಿನ ದ್ರವವನ್ನು ಬಟ್ಟಿಯಿಳಿಸಿದ ನೀರಿನೊಡನೆ ಸಮಪಾಲಾಗಿ ಬೆರೆಸಿ ತುಂಬಿಸಿದೆವು. ಈ ಮಿಶ್ರಣದ ಶಾಖಧಾರಣೆ ನೀರಿಗಿಂತ ಸ್ವಲ್ಪ ಕಡಿಮೆ. ಆದರೆ ಕುದಿಬಿಂದು ಹೆಚ್ಚು, ತುಕ್ಕು ಹಿಡಿಸದು, ಹಕ್ಕಳೆ ಕಟ್ಟದು. ಇದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗಬಾರದು. ಕಳಚಿದ್ದ ಕೊಳವೆಯನ್ನು ಕೂಡಿಸಿದೆವು. ಮರುದಿನ ಮೂರು ಗಂಟೆಗೆ ಗಡಿಯಾರ ತೋರಿಸಿದ್ದು 8½ ಸೆಕೆಂಡು. ಖರ್ಚು ದ್ರವದ ಬೆಲೆಯಷ್ಟೇ.

ಒಂದು ಎಚ್ಚರಿಕೆ

ಕುದಿದ ಇಂಜಿನಿನ ಮುಚ್ಚಳವನ್ನು ಏಕೆ ತೆರೆಯಬಾರದು? ಇದಕ್ಕೂ ಲೆಕ್ಕವುಂಟು. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಪ್ರೆಷರ್ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ನೀರು 110 ಡಿಗ್ರಿಯಲ್ಲಿಯೂ ದ್ರವವಾಗಿಯೇ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಆ ಹನ್ನೆರಡು ಡಿಗ್ರಿಗಳ ಶಾಖವೆಲ್ಲ ಗುಪ್ತೋಷ್ಣವಾಗಿ ಪರಿಣಮಿಸಿ ನೀರು ಆವಿಯಾಗುತ್ತದೆ. ಐದು ಲೀಟರು ನೀರಿನಲ್ಲಿ ಹೀಗೆ ಆವಿಯಾಗುವುದು ನೂರು ಗ್ರಾಮಿಗೆ ತುಸು ಹೆಚ್ಚು ಮಾತ್ರ. ಆದರೆ ಆ ಆವಿಯ ಗಾತ್ರ ಸುಮಾರು 200 ಲೀಟರು! ಅದು ಕುದಿನೀರನ್ನೂ ಹೊತ್ತುಕೊಂಡು ಮುಖದ ಮೇಲೆ ಚಿಮ್ಮುತ್ತದೆ. ಆದ್ದರಿಂದ ಮುಳ್ಳು ಕೆಂಪಿಗೇರಿದರೆ ಮೊದಲು ತಂಪುಯಂತ್ರವನ್ನು ನಿಲ್ಲಿಸಬೇಕು. ಸುರಕ್ಷಿತ ಸ್ಥಳದಲ್ಲಿ ಕಾರು ನಿಲ್ಲಿಸಿ ಇಂಜಿನನ್ನು ಆರಿಸಬೇಕು. ಅರ್ಧ ತಾಸಿಗೂ ಹೆಚ್ಚು ಕಾಲ, ಮೇಲಿನ ಕೊಳವೆಯು ಕೈಗೆ ತಣ್ಣಗೆ ಮೆತ್ತಗಾಗುವವರೆಗೆ, ಮುಚ್ಚಳವನ್ನು ಮುಟ್ಟಬಾರದು.

ವಿದ್ಯಾರ್ಥಿಮಿತ್ರರೇ, ನಾವು ತರಗತಿಯಲ್ಲಿ ನಿಯಮಗಳನ್ನು ಕಲಿಯುತ್ತೇವೆ. ಪರೀಕ್ಷೆಯಲ್ಲಿ ಅವನ್ನು ಬರೆದು ಅಂಕ ಪಡೆಯುತ್ತೇವೆ. ಆದರೆ ನಿಯಮವು ಕೊಡುವ ಉತ್ತರ "ಹೌದು" ಎಂಬುದಷ್ಟೇ ಅಲ್ಲ, "ಇಷ್ಟು" ಎಂಬುದು ಕೂಡ. ಬಿಸಿಗಾಳಿ ಇಂಜಿನಿನ ಬಲವನ್ನು ಕುಗ್ಗಿಸುವುದೇ? ಹೌದು. ಎಷ್ಟು? ನೂರಕ್ಕೆ ನಾಲ್ಕರಿಂದ ಏಳು. ಅದಕ್ಕಿಂತ ಹೆಚ್ಚಾಗಿದ್ದನ್ನು ಬಿಸಿಲಿನ ಮೇಲೆ ಹೊರಿಸಿ ಸುಮ್ಮನಾದರೆ ವಿಜ್ಞಾನದ ಹೆಸರಿನಲ್ಲಿ ನಾವು ನೆಪ ಹೇಳಿದಂತಾಯಿತು. ನನ್ನ ವಿದ್ಯಾರ್ಥಿಯ ಮುಂಗೈ ಮೇಲಿನ ಕಲೆ ಈಗ ಮಾಸುತ್ತ ಬಂದಿದೆ. ಪ್ರತಿ ವರ್ಷ ಯುಗಾದಿಗೆ ಮೊದಲು ಅವನು ತನ್ನ ಕಾರಿನ ರೇಡಿಯೇಟರನ್ನು ತೊಳೆದು, ಗಡಿಯಾರ ಹಿಡಿದು ಕಾಲವನ್ನು ಅಳೆದು, ಆ ಅಂಕೆಯನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಾನೆ. ಅವನ ಗುರುವಾದ ನಾನೂ ಈಗ ಉತ್ತರ ಹೇಳುವ ಮುನ್ನ ಲೆಕ್ಕ ಮಾಡುತ್ತೇನೆ.